ಖಾಲಿ ನಿವೇಶನದ ಸೊಪ್ಪು ಯಾರ ಮನೆಯ ಸಾರಿಗೆ?

ಪ್ರಶ್ನೆ: ನಾವು ಬೆಂಗಳೂರಿನ ಪಶ್ಚಿಮ ಭಾಗದ ಒಂದು ಬಡಾವಣೆಯ ನಿವಾಸಿಗಳು. ನಮ್ಮ ರಸ್ತೆಯ ಕೊನೆಯಲ್ಲಿ 40–60 ಅಳತೆಯ ನಿವೇಶನವೊಂದು ಬಹಳ ವರ್ಷಗಳಿಂದ ಖಾಲಿ ಬಿದ್ದಿದೆ. ಅದರ ಹಿಂದೆ ಗಾರ್ಮೆಂಟ್ಸ್‌ಗೆ ಹೋಗುವವರ, ಕಟ್ಟಡ ಕೆಲಸದವರ ಸುಮಾರು 40 ಮನೆಗಳಿವೆ. ತಿಂಗಳ ಕೊನೆಯ ವಾರ ಬಂದರೆ ಅಲ್ಲಿ ಎಷ್ಟೋ ಮನೆಗಳಲ್ಲಿ ಅನ್ನಕ್ಕೆ ಹುಣಸೆ ಹುಳಿಯ ನೀರೇ ಗತಿ ಎಂದು ಈಚೆಗೆ ತಿಳಿಯಿತು. ನಿವೇಶನದಲ್ಲಿ ತರಕಾರಿ ಬೆಳೆದು ಆ ಮನೆಗಳಿಗೆ ಹಂಚಬೇಕೆಂದು ನಮ್ಮ ಸಂಘ ಯೋಚಿಸಿದೆ. ಇದರಿಂದ ಆಹಾರದ ಕೊರತೆ ನಿಜವಾಗಿ ಕಡಿಮೆಯಾಗುತ್ತದೆಯೇ? ಎಲ್ಲಿಂದ ಆರಂಭಿಸಬೇಕು? ನಮ್ಮ ತಾರಸಿಗಳಲ್ಲೂ ಬೆಳೆಯಬಹುದೇ?

ಉತ್ತರ: ಕಡಿಮೆಯಾಗುತ್ತದೆ, ಆದರೆ ನೀವು ಎಣಿಸಿರುವ ಕೊರತೆಯಲ್ಲ. ಹೊಟ್ಟೆ ತುಂಬಿಸುವ ಧಾನ್ಯವನ್ನು ನಗರದ ನಿವೇಶನದಲ್ಲಿ ಬೆಳೆಯಲಾಗುವುದಿಲ್ಲ. ಒಳ್ಳೆಯ ಮಳೆಗಾಲದಲ್ಲಿ ಒಂದು ಹೆಕ್ಟೇರಿಗೆ 20 ಕ್ವಿಂಟಾಲ್ ರಾಗಿ ಬಂದರೆ ಅದು ಸಮಾಧಾನದ ಇಳುವರಿ. ಆ ಲೆಕ್ಕದಲ್ಲಿ ನಿಮ್ಮ ನಿವೇಶನದ ಅಂಗುಲ ಅಂಗುಲಕ್ಕೂ ರಾಗಿ ಹಾಕಿದರೆ ಸಿಗುವುದು 45 ಕೆಜಿ, ಅಂದರೆ 40 ಮನೆಗಳಲ್ಲಿ ಮನೆಯೊಂದಕ್ಕೆ ವರ್ಷಕ್ಕೆ ಒಂದು ಕೆಜಿಗಿಂತ ತುಸು ಹೆಚ್ಚು. ಆಹಾರ ಭದ್ರತಾ ಕಾಯ್ದೆಯಡಿ ತಲೆಗೆ ತಿಂಗಳಿಗೆ 5 ಕೆಜಿಯಂತೆ ನಾಲ್ಕು ಜನರ ಮನೆಗೆ 20 ಕೆಜಿ ಧಾನ್ಯ ಪಡಿತರದಲ್ಲಿ ಬರಬೇಕು. ಆದ್ದರಿಂದ ಗುದ್ದಲಿ ಹಿಡಿಯುವ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಆ 40 ಮನೆಗಳಲ್ಲಿ ಎಷ್ಟು ಮನೆಗಳಿಗೆ ಪಡಿತರ ಚೀಟಿ ಇದೆ, ಎಷ್ಟು ಚೀಟಿಗಳು ರಾಯಚೂರಿನಲ್ಲೋ ಯಾದಗಿರಿಯಲ್ಲೋ ಉಳಿದಿವೆ, ಯಾರ ಹೆಸರು ಚೀಟಿಗೆ ಸೇರಿಲ್ಲ ಎಂಬುದನ್ನು ಒಂದು ಭಾನುವಾರ ಕುಳಿತು ಬರೆದುಕೊಳ್ಳಿ. ಊರಿನ ಚೀಟಿಯ ಮೇಲೆ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ಬೆರಳಚ್ಚು ಕೊಟ್ಟು ಧಾನ್ಯ ಪಡೆಯಲು ಅವಕಾಶವಿದೆ; ಅದು ಗೊತ್ತಿಲ್ಲದವರು, ಗೊತ್ತಿದ್ದೂ ಅಂಗಡಿಯಿಂದ ವಾಪಸು ಕಳುಹಿಸಲ್ಪಟ್ಟವರು ಈಗಲೂ ಇದ್ದಾರೆ. ಅಂಥ ಹತ್ತು ಮನೆಗಳಿಗೆ ಜೊತೆಯಲ್ಲಿ ನಿಂತು ಪಡಿತರ ಕೊಡಿಸಿದರೆ, ನಿಮ್ಮ ತೋಟ ಯಾವ ಕಾಲಕ್ಕೂ ಕೊಡಲಾಗದಷ್ಟು ಅನ್ನ ಆ ಮನೆಗಳಿಗೆ ಸಿಗುತ್ತದೆ.

ಹಾಗಾದರೆ ತೋಟ ಏಕೆ ಬೇಕು ಎಂದರೆ, ಪಡಿತರದ ಚೀಲದಲ್ಲಿ ಸೊಪ್ಪಿಲ್ಲ. ಕೈ ಬಿಗಿಯಾದಾಗ ಬಡವರ ಮನೆಯಲ್ಲಿ ಮೊದಲು ನಿಲ್ಲುವುದು ಸೊಪ್ಪು, ತರಕಾರಿ, ಹಣ್ಣು. ಅನ್ನ ಕೊನೆಯವರೆಗೂ ಉಳಿದಿರುತ್ತದೆ. ನೀವು ಕೇಳಿದ ಹುಣಸೆ ನೀರಿನ ಕಥೆ ಅದೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ರಕ್ತಹೀನತೆ ಇದೆ. ಸೊಪ್ಪೊಂದರಿಂದಲೇ ರಕ್ತಹೀನತೆ ವಾಸಿಯಾಗುವುದಿಲ್ಲ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಮಾತ್ರೆಗೆ ಅದು ಬದಲಿಯೂ ಅಲ್ಲ. ಸೊಪ್ಪಿನಲ್ಲಿರುವ ಕಬ್ಬಿಣ ಮೈಗೆ ಹತ್ತುವುದು ಸ್ವಲ್ಪವೇ. ಜೊತೆಗೆ ನಿಂಬೆಹಣ್ಣು ಹಿಂಡಿದರೆ ಹೆಚ್ಚು ಹತ್ತುತ್ತದೆ, ಉಂಡ ಕೂಡಲೇ ಕಾಫಿ, ಟೀ ಕುಡಿದರೆ ಕಡಿಮೆಯಾಗುತ್ತದೆ. ಆದರೂ ಫೋಲೇಟ್, ಎ ಮತ್ತು ಸಿ ಜೀವಸತ್ವಗಳು, ನಾರಿನಂಶ ಇವೆಲ್ಲ ಇಷ್ಟು ಅಗ್ಗವಾಗಿ, ಇಷ್ಟು ಕಡಿಮೆ ಜಾಗದಲ್ಲಿ, ಇಷ್ಟು ಬೇಗ ಸಿಗುವ ಇನ್ನೊಂದು ಬೆಳೆ ಇಲ್ಲ. ಹರಿವೆ ಬಿತ್ತಿದ 25–30 ದಿನಕ್ಕೆ ಪಾತ್ರೆಗೆ ಬರುತ್ತದೆ.

ಈಗ ಸೊಪ್ಪಿನ ಲೆಕ್ಕ ನೋಡಿ. ನಿಮ್ಮ ನಿವೇಶನ ಸುಮಾರು 223 ಚದರ ಮೀಟರ್. ಓಡಾಡುವ ದಾರಿ, ನೀರಿನ ತೊಟ್ಟಿ, ಗೊಬ್ಬರದ ಗುಂಡಿ, ಪಕ್ಕದ ಕಟ್ಟಡಗಳ ನೆರಳು ಇವನ್ನು ಕಳೆದರೆ ಮಡಿಗೆ ಉಳಿಯುವುದು 120 ಚದರ ಮೀಟರ್. ಚದರ ಮೀಟರಿಗೆ ವರ್ಷಕ್ಕೆ 8 ಕೆಜಿ ಎಂದು ಹಿಡಿಯೋಣ. ಪಳಗಿದ ಕೈಗೆ ಇದಕ್ಕಿಂತ ಹೆಚ್ಚು ಬರುತ್ತದೆ, ಹೊಸಬರಿಗೆ ಮೊದಲ ವರ್ಷ ಇಷ್ಟೂ ಬರುವುದು ಕಷ್ಟ. ಒಟ್ಟು 960 ಕೆಜಿ, ದಿನಕ್ಕೆ ಸರಾಸರಿ 2.6 ಕೆಜಿ. ಇದನ್ನು 40 ಮನೆಗಳಿಗೆ ಹಂಚಿದರೆ ಮನೆಗೆ 65 ಗ್ರಾಂ, ಒಂದು ಹಿಡಿಯೂ ಆಗದು. ಒಬ್ಬ ಮನುಷ್ಯನಿಗೇ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಲ್ಲರಿಗೂ ಹಂಚಬೇಕೆಂಬ ನಿಮ್ಮ ಇಚ್ಛೆ ದೊಡ್ಡದು, ಆದರೆ ಹಾಗೆ ಹಂಚಿದ ಸೊಪ್ಪು ಯಾರ ಮೈಗೂ ಸೇರದೆ ಹೋಗುತ್ತದೆ.

ಅದೇ 2.6 ಕೆಜಿಯನ್ನು ಹತ್ತಿರದ ಅಂಗನವಾಡಿಗೆ ಕೊಟ್ಟರೆ 25 ಮಕ್ಕಳಿಗೆ ತಲಾ 50 ಗ್ರಾಂ, ಹದಿಮೂರು ಗರ್ಭಿಣಿಯರಿಗೆ ಮತ್ತು ಬಾಣಂತಿಯರಿಗೆ ತಲಾ 100 ಗ್ರಾಂ ಸೊಪ್ಪಾಗುತ್ತದೆ. ಇದು ತಟ್ಟೆಯಲ್ಲಿ ಕಾಣುವ, ದೇಹಕ್ಕೆ ತಿಳಿಯುವ ಪ್ರಮಾಣ. ರಾಜ್ಯದಲ್ಲಿ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರಿಂದ ಇದೆ. ನಿಮ್ಮ ಭಾಗದ ಅಂಗನವಾಡಿಯಲ್ಲಿ ಅಡುಗೆ ಅಲ್ಲೇ ಆಗುತ್ತದೆಯೇ, ಹೊರಗಿನಿಂದ ಬರುತ್ತದೆಯೇ ಎಂಬುದನ್ನು ಮೊದಲು ವಿಚಾರಿಸಿ. ಅಲ್ಲೇ ಬೇಯಿಸುವುದಾದರೆ ಬೆಳಿಗ್ಗೆ ಕೊಯ್ದ ಸೊಪ್ಪು ಮಧ್ಯಾಹ್ನದ ಸಾರಿಗೆ ಬೀಳುತ್ತದೆ. ಹೊರಗಿನಿಂದ ಬರುವುದಾದರೆ, ಬಸುರಿ-ಬಾಣಂತಿಯರು ಮತ್ತು ಎಳೆಯ ಮಕ್ಕಳಿರುವ ಮನೆಗಳ ಪಟ್ಟಿ ಮಾಡಿಕೊಂಡು, ಆ ಮನೆಗಳಿಗಷ್ಟೇ ವಾರದಲ್ಲಿ ಮೂರು ದಿನ ಒಂದೊಂದು ಪೂರ್ತಿ ಕಟ್ಟು ಕೊಡಿ. ಉಳಿದವರು ಕೇಳಿದರೆ ಏನು ಹೇಳುವುದು ಎಂಬ ಮುಜುಗರ ನಿಮಗೆ ಬೇಡ. ಆ ಪಟ್ಟಿಯನ್ನು ಆ 40 ಮನೆಯ ಹೆಂಗಸರೇ ಕುಳಿತು ಮಾಡಲಿ. ಯಾರ ಮನೆಯಲ್ಲಿ ಯಾರು ಸೊರಗಿದ್ದಾರೆ ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಇದನ್ನು ಒತ್ತಿ ಹೇಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಿಮ್ಮಂಥದೇ ಒಂದು ಬಡಾವಣೆಯ ತೋಟಕ್ಕೆ ನಾನು ಸಲಹೆಗಾರನಾಗಿದ್ದೆ. ಮಡಿಗಳು ನೇರವಾಗಿದ್ದವು, ಹನಿ ನೀರಾವರಿ ಇತ್ತು, ಪಾಲಕ್ ಮೊಳಕಾಲೆತ್ತರ ಬೆಳೆದಿತ್ತು. ಆರು ತಿಂಗಳು ಕಳೆದು ಹೋಗಿ ನೋಡಿದಾಗ ಅರ್ಧ ಬೆಳೆ ಹೂವಿಗೆ ಬಂದು ಒಣಗಿತ್ತು. ಸೊಪ್ಪು ಬೇಕಾದವರು ಬಂದು ಕೊಯ್ದುಕೊಳ್ಳಲಿ ಎಂದು ಸಂಘ ಹೇಳಿತ್ತು, ಯಾರೂ ಬರಲಿಲ್ಲ, ಅವರಿಗೇ ಬೇಡವಾಗಿದೆ ಎಂದು ಅಲ್ಲಿಯವರು ಬೇಸರಪಟ್ಟುಕೊಂಡರು. ಗೇಟಿನ ಮೇಲೆ ಬರೆದಿದ್ದ ಸಮಯ ಬೆಳಿಗ್ಗೆ ಹತ್ತರಿಂದ ಸಂಜೆ ಐದು. ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಎಂಟಕ್ಕೆ ಮೊದಲೇ ಮನೆ ಬಿಡುತ್ತಾರೆ, ಕತ್ತಲಾದ ಮೇಲೆ ಬರುತ್ತಾರೆ. ಕಟ್ಟಡ ಕೆಲಸದವರಿಗೆ ಭಾನುವಾರವೂ ಖಾತ್ರಿಯಿಲ್ಲ. ಒಂದು ಸಂಜೆ ಏಳೂವರೆಗೆ ನಾನು ಆ ಗೇಟಿನ ಬಳಿ ನಿಂತಿದ್ದಾಗ, ಕೆಲಸ ಮುಗಿಸಿ ಬಂದ ಹೆಂಗಸೊಬ್ಬರು ಕೈಚೀಲವನ್ನು ಕಂಕುಳಲ್ಲಿ ಒತ್ತಿಕೊಂಡು, ಬೇಲಿಯ ತಂತಿಯ ಸಂದಿಯಿಂದ ಎರಡು ಬೆರಳು ತೂರಿಸಿ ಅಂಚಿನ ದಂಟಿನ ಎಲೆ ಚಿವುಟುತ್ತಿದ್ದರು. ನನ್ನನ್ನು ಕಂಡು ಕೈ ಹಿಂದಕ್ಕೆ ತೆಗೆದುಕೊಂಡರು. ಅವರಿಗಾಗಿಯೇ ಬೆಳೆದ ಸೊಪ್ಪು ಅದು. ಸಮಯವನ್ನು ನಿಗದಿ ಮಾಡಿದವರಲ್ಲಿ ನಾನೂ ಒಬ್ಬನಾಗಿದ್ದೆ. ಬೀಜ, ಗೊಬ್ಬರ, ರೋಗ, ಕೀಟ ಎಲ್ಲವನ್ನೂ ಯೋಚಿಸಿದ್ದ ನಾವು ಬೀಗದ ಕೈ ಯಾರ ಬಳಿ ಇರಬೇಕೆಂದು ಯೋಚಿಸಿರಲಿಲ್ಲ. ಈಗ ಯಾರೇ ಸಲಹೆ ಕೇಳಿದರೂ ನನ್ನ ಮೊದಲ ಷರತ್ತು ಇದು: ಗೇಟಿಗೆ ಎರಡು ಕೀಲಿ ಇರಬೇಕು, ಒಂದು ಹಿಂದಿನ ಮನೆಗಳಲ್ಲಿ ಇರಬೇಕು, ಕೊಯ್ಲು ಬೆಳಿಗ್ಗೆ ಆರರಿಂದ ಏಳೂವರೆಯೊಳಗೆ ಆಗಬೇಕು.

ಇನ್ನೊಂದು ಮಾತು. ಆ ನಿವೇಶನ ಖಾಲಿ ಎಂದು ನೀವು ಬರೆದಿದ್ದೀರಿ. ಮೊದಲ ಮಳೆ ಬಿದ್ದ ವಾರ ಅಲ್ಲಿ ಹೋಗಿ ನಿಂತು ನೋಡಿ. ಅಣ್ಣೆ ಸೊಪ್ಪು, ಗಣಿಕೆ, ಹೊನಗೊನ್ನೆ, ಗೋಣಿ ಸೊಪ್ಪು, ಕಿರುಕಸಾಲೆ ತಾವಾಗಿಯೇ ಬಂದಿರುತ್ತವೆ, ಹಳ್ಳಿಯಿಂದ ಬಂದ ಅಜ್ಜಿಯೊಬ್ಬರು ಅವನ್ನು ಸೆರಗಿಗೆ ಕಿತ್ತುಕೊಳ್ಳುತ್ತಿರುತ್ತಾರೆ. ಅದೇ ಬೆರಕೆ ಸೊಪ್ಪು. ಮಸ್ಸೊಪ್ಪಿಗೆ, ಉಪ್ಸಾರಿಗೆ ಅದರ ಸಮ ಇನ್ನೊಂದಿಲ್ಲ. ಬಡಾವಣೆ ಸ್ವಚ್ಛವಾಗಬೇಕೆಂದು ನಾವು ಹೊಡೆಸುವ ಕಳೆನಾಶಕದಿಂದ ಇಂಥ ಎಷ್ಟೋ ಮನೆಗಳ ಸಾರು ನಿಂತಿದೆ. ಜೆಸಿಬಿ ತರಿಸಿ ನೆಲ ಬೋಳಿಸುವ ಮೊದಲು ಆ ಅಜ್ಜಿಯನ್ನು ಕರೆದು ಯಾವುದು ಎಲ್ಲಿ ಬರುತ್ತದೆ ಎಂದು ತೋರಿಸಿಕೊಳ್ಳಿ, ಒಂದು ಮೂಲೆಯನ್ನು ಹಾಗೆಯೇ ಬಿಡಿ. ಈ ಊರಿಗೆ ಇದೇನೂ ಹೊಸದಲ್ಲ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಗುವ ಮೊದಲು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಗುವ ಮೊದಲು, ಕೆರೆಗಳ ಆಸರೆಯಲ್ಲಿ ತಿಗಳರು ಬೆಳೆದ ಸೊಪ್ಪು-ತರಕಾರಿಯಿಂದಲೇ ಪೇಟೆಯ ಅಡುಗೆ ನಡೆಯುತ್ತಿತ್ತು.

ನೆಲ ಯಾರದು ಎಂಬುದು ನಿಮ್ಮ ಪತ್ರದಲ್ಲಿಲ್ಲ. ಖಾಸಗಿಯದಾದರೆ ಮಾಲೀಕರಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಹನ್ನೊಂದು ತಿಂಗಳಿಗೆ ಬರೆದುಕೊಡುವುದು ವಾಡಿಕೆ. ಮೂರು ವರ್ಷ ಕೇಳಿ, ತೆರವು ಮಾಡಬೇಕಾದರೆ ಮೂರು ತಿಂಗಳ ಮುನ್ಸೂಚನೆ ಇರಲಿ, ಗುಡಿಸಲು, ಕಾಯಂ ಕಟ್ಟಡ ಇರುವುದಿಲ್ಲ ಎಂದು ನೀವೂ ಬರೆದುಕೊಡಿ. ಮಾಲೀಕರ ಹೆದರಿಕೆ ಸೊಪ್ಪಿನ ಬಗ್ಗೆ ಇರುವುದಿಲ್ಲ, ಜಾಗ ಕೈತಪ್ಪುವ ಬಗ್ಗೆ ಇರುತ್ತದೆ. ನಾಗರಿಕ ಸೌಲಭ್ಯದ ನಿವೇಶನವಾದರೆ ಬಿಡಿಎ ಅಥವಾ ನಿಮ್ಮ ಭಾಗದ ನಗರ ಪಾಲಿಕೆಯ ಅನುಮತಿಯಿಲ್ಲದೆ ಕೈ ಹಾಕಬೇಡಿ. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿರುವುದರಿಂದ ಅರ್ಜಿ ಯಾವ ಕಚೇರಿಗೆ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಿ. ಅರ್ಜೆಂಟೀನಾದ ರೊಸಾರಿಯೊ ನಗರದಲ್ಲಿ ಆರ್ಥಿಕ ಕುಸಿತದ ನಂತರ 2002ರಲ್ಲಿ ನಗರಾಡಳಿತವೇ ಖಾಲಿ ಜಾಗಗಳನ್ನು ಬಡ ಕುಟುಂಬಗಳಿಗೆ ಬೆಳೆ ಬೆಳೆಯಲು ಬಿಟ್ಟುಕೊಟ್ಟಿತು. ಆ ಕೆಲಸ ಇಂದಿಗೂ ನಡೆಯುತ್ತಿರುವುದಕ್ಕೆ ಬೀಜಕ್ಕಿಂತ ನೆಲದ ಭರವಸೆಯೇ ಹೆಚ್ಚಿನ ಕಾರಣವೆಂದು ನನ್ನ ಎಣಿಕೆ.

ಮಣ್ಣಿನ ವಿಷಯದಲ್ಲಿ ಅವಸರ ಬೇಡ. ಬೆಂಗಳೂರಿನ ಕೆಂಪು ಮಣ್ಣು ಮೂಲತಃ ತುಸು ಹುಳಿ ಗುಣದ್ದು; ಆದರೆ ಖಾಲಿ ನಿವೇಶನವೆಂದರೆ ಸುತ್ತಲ ಮನೆ ಕಟ್ಟಿದವರೆಲ್ಲ ಸಿಮೆಂಟ್ ಚೂರು, ಸುಣ್ಣ, ಬಣ್ಣದ ಡಬ್ಬಿ ಸುರಿದ ಜಾಗ. ಸಿಮೆಂಟ್ ಬೆರೆತ ಮಣ್ಣು ಕ್ಷಾರವಾಗಿ, ಕಬ್ಬಿಣದ ಅಂಶ ಮಣ್ಣಿನಲ್ಲಿದ್ದೂ ಗಿಡಕ್ಕೆ ಸಿಗದೆ, ಎಳೆ ಎಲೆ ಹಳದಿಯಾಗುತ್ತದೆ, ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಅದಕ್ಕಿಂತ ಮುಖ್ಯವಾದದ್ದು ಸೀಸ. ಸೀಸ ಬೆರೆತ ಪೆಟ್ರೋಲ್ 2000ದಲ್ಲಿ ನಿಂತರೂ ಅದರ ಉಳಿಕೆ ಮತ್ತು ಹಳೆಯ ಬಣ್ಣದ ಚಕ್ಕೆಗಳು ದಾರಿಬದಿಯ ಮಣ್ಣಿನಲ್ಲಿ ಹಾಗೆಯೇ ಇರುತ್ತವೆ, ಮತ್ತು ಕಾಯಿಗಿಂತ ಎಲೆಯಲ್ಲಿ ಭಾರ ಲೋಹಗಳು ಹೆಚ್ಚು ಸೇರುತ್ತವೆ. ನಾಲ್ಕೈದು ಕಡೆಯಿಂದ ಅರ್ಧ ಅಡಿ ಆಳದ ಮಣ್ಣು ತೆಗೆದು ಬೆರೆಸಿ, ಪರೀಕ್ಷೆಗೆ ಕೊಡಿ; ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಮಣ್ಣು ಪರೀಕ್ಷೆಯ ವ್ಯವಸ್ಥೆ ಇದೆ. ಭಾರ ಲೋಹಗಳ ಪರೀಕ್ಷೆಯನ್ನು ಬೇರೆಯಾಗಿ ಕೇಳಬೇಕು, ಸಾಮಾನ್ಯ ವರದಿಯಲ್ಲಿ ಅದು ಬರುವುದಿಲ್ಲ. ಮಕ್ಕಳಿಗೆ ಕೊಡುವ ಸೊಪ್ಪಾದ್ದರಿಂದ ಈ ಖರ್ಚನ್ನು ಉಳಿಸಬೇಡಿ. ಅನುಮಾನವಿದ್ದರೆ ಇಟ್ಟಿಗೆ ಕಟ್ಟಿ ಒಂದೂಕಾಲು ಅಡಿ ಎತ್ತರದ ಏರುಮಡಿ ಮಾಡಿ, ಹೊರಗಿನ ಕೆಂಪು ಮಣ್ಣು ಮತ್ತು ಕೊಳೆತ ಗೊಬ್ಬರ ತುಂಬಿಸಿ.

ನೀರಿಗೆ ಬರೋಣ. ಪಶ್ಚಿಮ ಭಾಗದ ರಾಜಕಾಲುವೆಗಳು ವೃಷಭಾವತಿಗೆ ಸೇರುವಂಥವು. ಒಳಚರಂಡಿಯ ಮತ್ತು ಕೈಗಾರಿಕೆಗಳ ಕೊಳೆ ಹೊತ್ತು ಬೈರಮಂಗಲದ ಕೆರೆಯವರೆಗೆ ಹರಿಯುವ ಆ ನೀರನ್ನು ಒಂದು ಬಕೆಟ್ ಕೂಡ ಮಡಿಗೆ ತರಬೇಡಿ. ಕಾವೇರಿ ನೀರನ್ನೂ ನೆಚ್ಚಬೇಡಿ. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶ ಹೊರಡಿಸಿದ್ದು ನೆನಪಿರಬಹುದು. ಬಿರುಬೇಸಿಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ 5 ಲೀಟರಿನಂತೆ ನಿಮ್ಮ ಮಡಿಗಳಿಗೆ 600 ಲೀಟರ್ ಬೇಕು. 6,000 ಲೀಟರಿನ ಟ್ಯಾಂಕರ್ ಹತ್ತು ದಿನಕ್ಕೆ ಮುಗಿಯುತ್ತದೆ. ಆ ವರ್ಷ ಜಿಲ್ಲಾಡಳಿತ ನಿಗದಿ ಮಾಡಿದ ಕನಿಷ್ಠ ದರ, ಅಂದರೆ ತೆರಿಗೆ ಬಿಟ್ಟು 600 ರೂಪಾಯಿ, ಹಿಡಿದರೂ ತಿಂಗಳಿಗೆ 1,800 ರೂಪಾಯಿ ನೀರಿಗೇ ಹೋಗುತ್ತದೆ. ಬರುವ ಸೊಪ್ಪು 80 ಕೆಜಿಯಾದರೆ ಕೆಜಿಗೆ 22 ರೂಪಾಯಿ ನೀರಿನದೇ ಆಯಿತು. ಹೀಗೆ ಬೆಳೆಯುವುದಕ್ಕಿಂತ ಆ ಹಣದಲ್ಲಿ ಮಾರುಕಟ್ಟೆಯಿಂದ ಸೊಪ್ಪು ಕೊಂಡು ಕೊಡುವುದೇ ಜಾಣತನ. ಆದ್ದರಿಂದ ಮಳೆ ನೀರಿನ ಏರ್ಪಾಡಿಲ್ಲದೆ ತೋಟ ಆರಂಭಿಸಬೇಡಿ. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಪಕ್ಕದ ಮನೆಯ 80 ಚದರ ಮೀಟರ್ ತಾರಸಿಯಿಂದ 20 ಮಿಲಿಮೀಟರಿನ ಒಂದು ಮಳೆಗೆ, ಸೋರಿಕೆ ಕಳೆದು, 1,300 ಲೀಟರ್ ಸಿಗುತ್ತದೆ. ಎರಡು ಮನೆಗಳ ಕೊಳವೆಗಳನ್ನು ನಿವೇಶನದ ತೊಟ್ಟಿಗೆ ತಿರುಗಿಸಿ. ಮಡಿಗೆ ಒಣ ಎಲೆಯ ಹೊದಿಕೆ ಹಾಕಿ. ನಮ್ಮ ರಸ್ತೆಗಳಲ್ಲಿ ಉದುರುವ ಎಲೆಯನ್ನು ಸುಡುವುದು ನಿಂತಂತೆಯೂ ಆಗುತ್ತದೆ. ಮಾರ್ಚ್‌ನಿಂದ ಮೊದಲ ಮಳೆಯವರೆಗೆ ಅರ್ಧ ಮಡಿಗಳನ್ನು ಹೊದಿಕೆಯಡಿ ಮಲಗಲು ಬಿಡಿ. ತೊಟ್ಟಿಗೆ ಮುಚ್ಚಳ ಬಿಗಿಯಾಗಿರಲಿ. ಡೆಂಗಿ ಸೊಳ್ಳೆ ಬೆಳೆಯುವುದು ಇಂಥ ನಿಂತ ನೀರಿನಲ್ಲೇ; ಅದರ ಫಲವನ್ನು ಉಣ್ಣುವವರೂ ಹಿಂದಿನ ಮನೆಯವರೇ ಆಗುತ್ತಾರೆ.

ಏನು ಬೆಳೆಯಬೇಕು? ಕ್ಯಾಪ್ಸಿಕಂ, ಬ್ರೊಕೋಲಿ, ಲೆಟ್ಯೂಸ್ ಬೇಡ. ಬೇಲಿಯ ಉದ್ದಕ್ಕೂ ನುಗ್ಗೆ ಹಾಕಿ, ಮರವಾಗಲು ಬಿಡದೆ ನಾಲ್ಕಡಿಗೆ ಸವರುತ್ತಿದ್ದರೆ ಕೈಗೆಟುಕುವ ಎಲೆ ಬೇಸಿಗೆಯಲ್ಲೂ ಸಿಗುತ್ತದೆ. ನೆರಳಿರುವ ಕಡೆ ತಂತಿಗೆ ಬಸಳೆ ಹಬ್ಬಿಸಿ, ತೊಟ್ಟಿಯ ತೇವದ ಬಳಿ ಹೊನಗೊನ್ನೆ ನೆಡಿ. ಬಿಸಿಲಿನ ಮಡಿಗಳಲ್ಲಿ ಹರಿವೆ, ದಂಟು, ಮೆಂತ್ಯ, ಸಬ್ಬಸಿಗೆಗಳನ್ನು ಹತ್ತು ದಿನಕ್ಕೊಂದು ಪಟ್ಟೆಯಂತೆ ಬಿತ್ತಿ. ಒಮ್ಮೆಲೇ ಬಿತ್ತಿದರೆ ಒಂದು ವಾರ ರಾಶಿ, ಮೂರು ವಾರ ಬರಿ ನೆಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ಸುಗುಣ ಹರಿವೆಯನ್ನು ಬುಡ ಬಿಟ್ಟು ಕೊಯ್ದರೆ ಮತ್ತೆ ಮತ್ತೆ ಚಿಗುರುತ್ತದೆ. ಒಂದೆರಡು ಮಡಿಗೆ ಅಲಸಂದೆ ಮತ್ತು ಅವರೆ ಇರಲಿ. ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳು ಚಳಿಗಾಲಕ್ಕೆ ಕಾಯದೆ ಯಾವ ಕಾಲದಲ್ಲಿ ಬಿತ್ತಿದರೂ ಕಾಯಿ ಕೊಡುತ್ತವೆ. ಸೊಗಡು ಮಾತ್ರ ಮಾಗಿಯ ನಾಟಿ ಅವರೆಯದೇ. ನಾಲ್ಕು ಪಪ್ಪಾಯ, ಒಂದು ನಿಂಬೆ, ಒಂದು ಕರಿಬೇವು ಇದ್ದರೆ ಸಾಕು. ಚಕ್ರಮುನಿ ಸೊಪ್ಪನ್ನು ಕೆಲವರು ಹಸಿಯಾಗಿ ರಸ ಮಾಡಿ ಕುಡಿಯಲು ಹೇಳುತ್ತಾರೆ, ದಯವಿಟ್ಟು ಕೇಳಬೇಡಿ. ತೈವಾನಿನಲ್ಲಿ 1990ರ ದಶಕದಲ್ಲಿ ತೂಕ ಇಳಿಸಲೆಂದು ಹಾಗೆ ಕುಡಿದವರ ಶ್ವಾಸಕೋಶಕ್ಕೆ ವಾಸಿಯಾಗದ ಹಾನಿಯಾಗಿತ್ತು. ಬೇಯಿಸಿ, ಅಪರೂಪಕ್ಕೆ, ಸ್ವಲ್ಪ ತಿನ್ನುವುದಕ್ಕೆ ಅಡ್ಡಿಯಿಲ್ಲ.

ತಾರಸಿಯ ಬಗ್ಗೆ ಕೇಳಿದ್ದೀರಿ. ಕೃಷಿ ವಿಜ್ಞಾನಿ ಡಾ. ಬಿ. ಎನ್. ವಿಶ್ವನಾಥ್ ಅವರ ತರಗತಿಗಳಿಂದ ಕಲಿತ ತಾರಸಿ ತೋಟಗಾರರು ಈ ಊರಿನ ತುಂಬ ಇದ್ದಾರೆ, ಕಲಿಸಲು ಸಂಕೋಚಪಡುವವರಲ್ಲ. ಒಂದು ಎಚ್ಚರಿಕೆ ಸಾಕು: ಒಂದಡಿ ದಪ್ಪದ ತೊಯ್ದ ಮಣ್ಣು ಚದರ ಮೀಟರಿಗೆ ಸುಮಾರು 500 ಕೆಜಿ ತೂಗುತ್ತದೆ, ಜನ ಓಡಾಡುವ ಮನೆ ತಾರಸಿಯನ್ನು ಸಾಮಾನ್ಯವಾಗಿ 150 ಕೆಜಿಯ ಹೊರೆಗೆ ಲೆಕ್ಕ ಹಾಕಿ ಕಟ್ಟಿರುತ್ತಾರೆ. ಸೊಪ್ಪಿಗೆ ಆರಿಂಚು ಆಳ ಸಾಕು. ತೆಂಗಿನ ನಾರಿನ ಪುಡಿ ಮತ್ತು ಗೊಬ್ಬರ ಬೆರೆಸಿದ ಹಗುರ ಚೀಲಗಳನ್ನು ತೊಲೆ ಮತ್ತು ಗೋಡೆಯ ಮೇಲ್ಭಾಗಕ್ಕೆ ಇಡಿ, ನಡುವೆ ಗುಡ್ಡೆ ಹಾಕಬೇಡಿ. ಆದರೆ ತಾರಸಿಯ ಬೆಳೆ ತಾರಸಿ ಇದ್ದವರ ಮನೆಯ ಬೆಳೆ. ಹಿಂದಿನ ಮನೆಗಳಿಗೆ ಶೀಟಿನ ಸೂರು, ಅದರ ಮೇಲೆ ಒಂದು ಚಟ್ಟಿಯನ್ನೂ ಇಡಲಾಗದು. ಬಾಡಿಗೆದಾರರಿಗೆ ಮಾಲೀಕರು ಬಿಡುವುದಿಲ್ಲ. ಆಹಾರದ ಕೊರತೆಯನ್ನು ನೀಗುವ ಮಾತಿನಲ್ಲಿ ತಾರಸಿಯನ್ನು ಸೇರಿಸುವುದಾದರೆ, ಅಂಗನವಾಡಿ ಮತ್ತು ಸರ್ಕಾರಿ ಶಾಲೆಯ ತಾರಸಿಯನ್ನು ಸೇರಿಸಿ.

ದುಡಿಮೆಯ ಪ್ರಶ್ನೆ ಉಳಿಯಿತು. 120 ಚದರ ಮೀಟರ್ ಮಡಿಗೆ ದಿನಕ್ಕೆ ಎರಡು ಗಂಟೆಯ ಕೆಲಸವಿದೆ, ಭಾನುವಾರವೂ ಇದೆ. ಸಂಘದ ಸದಸ್ಯರು ಸರದಿಯ ಮೇಲೆ ಮಾಡುವುದು ಮೊದಲ ಎರಡು ತಿಂಗಳು ನಡೆಯುತ್ತದೆ, ದಸರೆ ರಜೆ ಬಂದಾಗ ನಿಲ್ಲುತ್ತದೆ. ನಿಮ್ಮ ಮನೆಗಳ ಹಸಿ ಕಸ ತಂದು ಗೊಬ್ಬರ ಮಾಡುವ ಕೆಲಸವನ್ನು ಸದಸ್ಯರು ಹೊತ್ತುಕೊಳ್ಳಿ, ಅದು ಮನೆಯಿಂದಲೇ ಆಗುವಂಥದ್ದು. ಮಡಿಯ ಕೆಲಸಕ್ಕೆ ಹಿಂದಿನ ಮನೆಗಳಿಂದಲೇ ಒಬ್ಬರನ್ನು ಸಂಬಳ ಕೊಟ್ಟು ನೇಮಿಸಿ. ಗಾರ್ಮೆಂಟ್ಸ್ ಬಿಟ್ಟು ಮನೆಯಲ್ಲಿರುವ ನಡುವಯಸ್ಸಿನ ಹೆಂಗಸರಲ್ಲಿ ಊರಿನ ಹೊಲ ಗೊತ್ತಿರುವವರು ಖಂಡಿತ ಸಿಗುತ್ತಾರೆ. ಎರಡು ಗಂಟೆಗೆ ದಿನಗೂಲಿಯ ದರದಲ್ಲಿ ಎಷ್ಟಾಗುತ್ತದೋ ಅಷ್ಟನ್ನು ತಿಂಗಳ ಕೊನೆಯ ವಾರಕ್ಕೆ ಮುಂಚೆಯೇ ಕೊಡಿ. ಯಾವ ಸೊಪ್ಪು, ಯಾವಾಗ, ಯಾರಿಗೆ ಎಂಬ ಮಾತಿನಲ್ಲಿ ಅವರಿಗೆ ಸಂಘದ ಅಧ್ಯಕ್ಷರಷ್ಟೇ ತೂಕವಿರಲಿ.

ಮೊದಲ ಬಿತ್ತನೆಗೆ ಮೇ ಕೊನೆಯ ವಾರ ಸೂಕ್ತ. ಆಗ ಮುಂಗಾರು ಪೂರ್ವದ ಮಳೆಗೆ ನೆಲ ಹದಗೊಂಡಿರುತ್ತದೆ, ತೊಟ್ಟಿಗೂ ನೀರು ಬರುತ್ತದೆ. ಅದಕ್ಕೆ ಮೊದಲು ಪಡಿತರದ ಪಟ್ಟಿ, ನೆಲದ ಒಪ್ಪಿಗೆ ಪತ್ರ, ಮಣ್ಣಿನ ವರದಿ ಈ ಮೂರನ್ನು ಕೈಯಲ್ಲಿಟ್ಟುಕೊಳ್ಳಿ. ಮಣ್ಣಿನ ವರದಿ ಬಂದ ಕೂಡಲೇ ಅದರ ಪ್ರತಿಯನ್ನು ನನಗೆ ಕಳುಹಿಸಿದರೆ ಯಾವ ಮಡಿಗೆ ಏರುಮಡಿ ಬೇಕು, ಯಾವುದನ್ನು ನೆಲದಲ್ಲೇ ಬಿತ್ತಬಹುದು ಎಂಬುದನ್ನು ನಿವೇಶನದ ನಕ್ಷೆಯ ಮೇಲೆಯೇ ಗುರುತು ಮಾಡಿ ತಿಳಿಸುತ್ತೇನೆ.